ಸ್ಕೂಬಿಯ ಎರಡನೇ ಸಿನಿಮಾ: ಅಕ್ಕನಿಗೊಂದು ಪತ್ರ

ವ್ಯಾಂಕೂವರ್,
ಅಕ್ಟೋಬರ್ 19

ಪ್ರೀತಿಯ ಅಕ್ಕನಿಗೆ,

ಇಲ್ಲಿ ನಾನು ಕ್ಷೇಮ. ಭಾವನವರಿಗೆ ನಮಸ್ಕಾರ ತಿಳಿಸು. ದೆವ್ವಗಳ ಗುಟ್ಟು ಬಯಲುಮಾಡುವ ಪತ್ತೇದಾರ ಗೆಳೆಯರ ತಂಡದ ಕಾರ್ಟೂನು ನಾಯಿ ಸ್ಕೂಬಿ-ಡೂನ ಸಿನಿಮಾಗಳಲ್ಲಿ ಪುಟ್ಟಿಗೆ ಯಾವುದನ್ನು ಮೊದಲು ತೋರಿಸಲಿ ಎಂದು ನೀನು ಕೇಳಿದ್ದೆ. ಸುಹಾಸನೂ ಕಾಲೇಜಿನ ಕಿರುಚಿತ್ರಕ್ಕೆ ಅದೇ ಧಾಟಿಯ ಕತೆ ಹಿಡಿದು ಕೂತಿದ್ದಾನೆ ಅಂದೆ. ಎರಡೂ ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪುಟ್ಟಿಯದು. 2002ರ ಮೊದಲ ಸಿನಿಮಾದಿಂದ ಶುರುಮಾಡಬೇಡ. ಅದರ ಅರ್ಧ ತಮಾಷೆ ಹಳೆಯ ಕಾರ್ಟೂನು ನೋಡಿ ಬೆಳೆದು ದೊಡ್ಡವರಾದವರಿಗೆ. ಸಾಲದ್ದಕ್ಕೆ ಪುಟಾಣಿ ನಾಯಿಮರಿ ಸ್ಕ್ರ್ಯಾಪಿಯನ್ನು ಖಳನನ್ನಾಗಿ ಮಾಡಿಟ್ಟಿದ್ದಾರೆ. ಅವನನ್ನು ಇಷ್ಟಪಡುವ ಮಕ್ಕಳಿಗೆ ಅದು ಮೋಸ ಅನಿಸುತ್ತದೆ. 2004ರಲ್ಲಿ ಬಂದ ಎರಡನೆಯದಕ್ಕೆ ಮೊದಲನೆಯದರ ಹಂಗೇ ಇಲ್ಲ. ಅದಕ್ಕೆ ಬೇಕಾದದ್ದು ಕಾರ್ಟೂನಿನ ಪರಿಚಯ. ಹಾಗಾಗಿ ಸಿನಿಮಾಕ್ಕೆ ಮುಂಚೆ ಮೂರು ಸಂಜೆ ಮೂರು ಹಳೆಯ ಕಂತು ತೋರಿಸು: ಕಪ್ಪು ಕವಚದ ಯೋಧನ ಕಂತು (1969ರ ಸೆಪ್ಟೆಂಬರ್ 13ರಂದು ಪ್ರಸಾರವಾದ ಮೊಟ್ಟಮೊದಲನೆಯದು), ಸಮುದ್ರದಡಿಯಿಂದ ಮುಳುಗುಗಾರನ ಉಡುಪಿನಲ್ಲಿ ಎದ್ದುಬರುವ ಕ್ಯಾಪ್ಟನ್ ಕಟ್ಲರ್‌ನದು, ಗಣಿಯ ಮುದುಕ ಮೈನರ್ ಫಾರ್ಟಿನೈನರ್‌ನದು. ಒಂದೊಂದೂ ಸುಮಾರು 22 ನಿಮಿಷ. ಪುರುಸೊತ್ತಿದ್ದರೆ 1976ರ ಹತ್ತು ಸಾವಿರ ವೋಲ್ಟಿನ ದೆವ್ವವನ್ನೂ ಸೇರಿಸು. ಈ ನಾಲ್ವರೂ ಎರಡನೇ ಸಿನಿಮಾದಲ್ಲಿ ಬರುತ್ತಾರೆ. ಗುರುತು ಹಿಡಿಯುವುದರಲ್ಲೇ ಮಕ್ಕಳಿಗೆ ಅರ್ಧ ಖುಷಿ.

ಹೆದರಿಕೆಯಾಗುವುದು ಶುರುವಿನಲ್ಲೇ, ಮ್ಯೂಸಿಯಮ್ಮಿನ ಸಮಾರಂಭದ ಮೇಲೆ ರೆಕ್ಕೆಯ ಪ್ರಾಣಿ ಎರಗುವಾಗ. ದೀಪ ಆರಿಸದೆ, ಸದ್ದು ಸ್ವಲ್ಪ ತಗ್ಗಿಸಿ ಆ ಭಾಗ ದಾಟಿಸು. ಇನ್ನೊಂದು, ಸ್ಕೂಬಿಯ ಗೆಳೆಯ ಶ್ಯಾಗಿ ಮತ್ತು ಸ್ಕೂಬಿ ಪ್ರಯೋಗಶಾಲೆಯಲ್ಲಿ ಕೈಗೆ ಸಿಕ್ಕ ಬಾಟಲಿಯನ್ನೆಲ್ಲ ಕುಡಿಯುವ ದೃಶ್ಯವಿದೆ. ಪುಟ್ಟಿ ಅತ್ಯಂತ ಹೆಚ್ಚು ನಗುವುದು ಅಲ್ಲಿಯೇ. ಬಚ್ಚಲಿನ ಫಿನಾಯಿಲ್ ಮೇಲಿನ ಕಪಾಟಿಗೆ ಹೋಗಲಿ.

ಈಗ ನೀನು ಫೋನಿನಲ್ಲಿ ಎತ್ತಿದ ತಕರಾರು: ಹಳೆಯ ಕಾರ್ಟೂನಿನಲ್ಲಿ ದೆವ್ವ ಎಂದರೆ ಯಾವಾಗಲೂ ಮುಖವಾಡ ಹಾಕಿದ ಮನುಷ್ಯ, ಸಿನಿಮಾದಲ್ಲಿ ಯಾಕೆ ನಿಜವಾದ ದೆವ್ವ ತಂದರು? ಬರೆಯುವವರಿಗೆ ಕತೆ ಸಿಗಲಿಲ್ಲ ಎಂದು ಬೈಯುವವರಿದ್ದಾರೆ. ನನ್ನ ಲೆಕ್ಕದಲ್ಲಿ ತಪ್ಪು ಬರೆಯುವವರದಲ್ಲ, ಕ್ಯಾಮೆರಾದ್ದು. ಕಾರ್ಟೂನಿನಲ್ಲಿ ದೆವ್ವ, ಮನುಷ್ಯ, ಮುಖವಾಡ ಮೂರನ್ನೂ ಒಂದೇ ಗೆರೆಯಲ್ಲಿ ಬರೆದು ಒಂದೇ ಬಗೆಯ ಬಣ್ಣ ತುಂಬುತ್ತಾರೆ. ಕೊನೆಗೆ ಎಳೆದು ತೆಗೆಯುವವರೆಗೂ ಅದು ಮುಖವಾಡ ಎಂದು ಗೊತ್ತುಮಾಡುವ ಗುರುತು ಚಿತ್ರದಲ್ಲಿ ಇರುವುದೇ ಇಲ್ಲ. ಅದನ್ನೇ ನಿಜವಾದ ನಟನಿಗೆ ತೊಡಿಸಿ ಬೆಳಕಿನಲ್ಲಿ ನಿಲ್ಲಿಸಿದರೆ ಮೊದಲ ನೋಟಕ್ಕೇ ರಬ್ಬರು ರಬ್ಬರಾಗಿ ಕಾಣುತ್ತದೆ. ಪ್ರೇಕ್ಷಕನಿಗೆ ಐದನೇ ನಿಮಿಷಕ್ಕೆ ತಿಳಿದದ್ದು ಪತ್ತೇದಾರರಿಗೆ ತೊಂಬತ್ತನೇ ನಿಮಿಷದವರೆಗೂ ತಿಳಿಯದಿದ್ದರೆ ಅವರು ಪೆದ್ದರಾಗುತ್ತಾರೆ. 2009 ಮತ್ತು 2010ರಲ್ಲಿ ಟಿವಿಗೆಂದು ಹೊಸ ನಟರನ್ನು ಹಾಕಿ ಮಾಡಿದ ಎರಡು ಚಿತ್ರಗಳೂ ಇದಕ್ಕೇ ನಿಜವಾದ ದೆವ್ವ, ಮಾಟಗಾತಿಯರ ಮೊರೆಹೋದವು ಎಂದು ನನ್ನ ಅನುಮಾನ.

2004ರದ್ದು ಈ ತೊಡಕಿಗೆ ಒಳ್ಳೆಯ ದಾರಿ ಹುಡುಕಿದೆ. ಹಿಂದೆ ಸಿಕ್ಕಿಬಿದ್ದ ಖಳರ ವೇಷಗಳನ್ನೆಲ್ಲ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ. ಇವು ವೇಷಗಳೇ ಎಂದು ಮೊದಲೇ ಒಪ್ಪಿಕೊಂಡಾಯಿತು. ಆಮೇಲೆ ಯಾರೋ ಅವನ್ನು ಕದ್ದು, ಒಂದು ಯಂತ್ರಕ್ಕೆ ಹಾಕಿ ಜೀವ ಬರಿಸುತ್ತಾರೆ. ಮುಖವಾಡದ ನಿಯಮವೂ ಉಳಿಯಿತು, ಕಂಪ್ಯೂಟರಿನ ದೆವ್ವಗಳಿಗೂ ದಾರಿಯಾಯಿತು. ಕೊನೆಯಲ್ಲಿ ಒಂದು ಮುಖವಾಡ ಕಳಚುವುದೂ ಇದೆ. ಯಾರದೆಂದು ಬರೆಯುವುದಿಲ್ಲ, ಈ ಪತ್ರ ಪುಟ್ಟಿಯ ಕೈಗೆ ಸಿಕ್ಕದೇ ಇರುವುದಿಲ್ಲ. ಉಪಾಯವನ್ನಷ್ಟೇ ಹೇಳುತ್ತೇನೆ: ಆ ಮುಖವಾಡ ಚಿತ್ರದುದ್ದಕ್ಕೂ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ರಬ್ಬರೇ ಇಲ್ಲ. ಒಬ್ಬ ಕಲಾವಿದರ ಸ್ವಂತ ಮುಖವನ್ನೇ ಮುಖವಾಡವಾಗಿ ಬಳಸಿದ್ದಾರೆ.

2002, 2004ರ ಎರಡನ್ನೂ ಬರೆದವನು ಜೇಮ್ಸ್ ಗನ್, ನಿರ್ದೇಶಿಸಿದವನು ರಾಜಾ ಗಾಸ್ನೆಲ್. ಮೊದಲನೆಯದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಎರಡನೆಯದು ನಮ್ಮ ಈ ವ್ಯಾಂಕೂವರಿನಲ್ಲೇ ಚಿತ್ರೀಕರಣವಾಯಿತು. ಮೊದಲನೆಯದಕ್ಕೆ ಸುಮಾರು 8.4 ಕೋಟಿ ಡಾಲರ್ ಖರ್ಚು, ಜಗತ್ತಿನಾದ್ಯಂತ ಗಳಿಕೆ ಸುಮಾರು 27.5 ಕೋಟಿ. ಎರಡನೆಯದಕ್ಕೆ ಸುಮಾರು 8 ಕೋಟಿ ಖರ್ಚು, ಗಳಿಕೆ ಸುಮಾರು 18 ಕೋಟಿ. ಹಾಕಿದ್ದರ ಎರಡರಷ್ಟು ಬಂತಲ್ಲ ಅನ್ನಬೇಡ. ಟಿಕೆಟ್ಟಿನ ಹಣದಲ್ಲಿ ಹತ್ತಿರ ಹತ್ತಿರ ಅರ್ಧ ಥಿಯೇಟರಿನವರ ಪಾಲು, ಜಾಹೀರಾತಿನ ಖರ್ಚು ಈ ಲೆಕ್ಕದಲ್ಲಿ ಸೇರಿಯೇ ಇರುವುದಿಲ್ಲ. ಹಾಗಾಗಿ ಮೂರನೆಯದು ನಿಂತುಹೋಯಿತು. ಅದನ್ನು ಗನ್ ತಾನೇ ನಿರ್ದೇಶಿಸಬೇಕಿತ್ತು. ಸ್ಕಾಟ್ಲೆಂಡಿನ ಒಂದು ಊರು, ಅಲ್ಲಿ ದೆವ್ವಗಳೇ ನಿಜವಾಗಿ ತೊಂದರೆಗೊಳಗಾದವರು ಎಂದು ಕೊನೆಗೆ ತಿಳಿಯುವ ಕತೆ ಎಂದು ಆಮೇಲೆ ಅವನೇ ಹೇಳಿದ. ಕೈತಪ್ಪಿತಲ್ಲ ಅನಿಸುವ ಕತೆ.

ಸುಹಾಸ, ಇಲ್ಲಿಂದ ಮುಂದೆ ನಿನಗೆ.

ಕಂಪ್ಯೂಟರಿನಲ್ಲಿ ನಾಯಿ ಮಾಡುವ ಆಸೆ ಬಿಟ್ಟುಬಿಡು. ಮೂಲ ಸ್ಕೂಬಿಯ ಚಿತ್ರ ಬರೆದ ಇವಾವೊ ಟಕಮೊಟೊ, ಗ್ರೇಟ್ ಡೇನ್ ಜಾತಿಯ ನಾಯಿ ಸಾಕುತ್ತಿದ್ದ ಸಹೋದ್ಯೋಗಿಯಿಂದ ಒಳ್ಳೆಯ ತಳಿಯ ಲಕ್ಷಣ ಕೇಳಿ ತಿಳಿದು, ಬೇಕೆಂದೇ ಎಲ್ಲವನ್ನೂ ಉಲ್ಟಾ ಬರೆದ: ಸೊಟ್ಟ ಕಾಲು, ಜೋಲುವ ಗದ್ದ, ಇಳಿಜಾರು ಬೆನ್ನು. ಕಾಗದದ ಮೇಲೆ ಅದು ಚೆಂದ. ಅದಕ್ಕೇ ಕೂದಲು, ತೂಕ, ನೆರಳು ಕೊಟ್ಟು ನಿಜವಾದ ಮನುಷ್ಯನ ಪಕ್ಕ ನಿಲ್ಲಿಸಿದರೆ ಕಣ್ಣು ಒಪ್ಪುವುದಿಲ್ಲ. ದೊಡ್ಡ ಸ್ಟುಡಿಯೋಗಳಿಗೇ ಅಲ್ಲಿ ಬೆವರಿಳಿಯುತ್ತದೆ.

ಕೆಲಸ ನಡೆಯುವ ಕ್ರಮ ಹೀಗೆ: ನಾಯಿಯ ಅಳತೆಯ ಬೊಂಬೆ ಇಟ್ಟು ಒಂದು ಸಲ ಚಿತ್ರೀಕರಿಸುತ್ತಾರೆ, ನಟನ ನೋಟ ಎಲ್ಲಿ ನಿಲ್ಲಬೇಕೆಂದು ಗೊತ್ತಾಗಲಿಕ್ಕೆ. ಬೊಂಬೆ ತೆಗೆದು ನಟನೊಬ್ಬನನ್ನೇ ಇನ್ನೊಂದು ಸಲ. ನಟನೂ ಇಲ್ಲದ ಖಾಲಿ ಜಾಗ ಮತ್ತೊಂದು ಸಲ, ಅದು ಕ್ಲೀನ್ ಪ್ಲೇಟ್. ಕೊನೆಗೆ ಅದೇ ಜಾಗದಲ್ಲಿ ಒಂದು ಬೂದು ಗುಂಡು, ಒಂದು ಕನ್ನಡಿಯಂತೆ ಹೊಳೆಯುವ ಗುಂಡು ಹಿಡಿದು ಬೆಳಕಿನ ದಾಖಲೆ. ಹೆಚ್ಚಾಗಿ ಕೆಡುವುದು ಎರಡು ಕಡೆ. ನಟನ ನೋಟ ನಾಯಿಯ ಕಣ್ಣಿಗಿಂತ ನಾಲ್ಕು ಬೆರಳು ಮೇಲೆ ಹೋದರೆ ಅವನು ಗೋಡೆಯ ಜೊತೆ ಮಾತಾಡಿದಂತೆ ಕಾಣುತ್ತದೆ. ಎರಡನೆಯದು ಮುಟ್ಟುವುದು: ತಬ್ಬಿಕೊಂಡಾಗ ಕೂದಲು ತಗ್ಗಬೇಕು, ಅಂಗಿ ಸುಕ್ಕಾಗಬೇಕು, ತೋಳಿಗೆ ಭಾರ ಬಿದ್ದದ್ದು ಕಾಣಬೇಕು. ಮ್ಯಾಥ್ಯೂ ಲಿಲಾರ್ಡ್ ಶ್ಯಾಗಿಯಾಗಿ ಮಾಡಿದ್ದನ್ನು ಇದಕ್ಕಾಗಿಯೇ ಸದ್ದು ಆರಿಸಿ ನೋಡು, ಎದುರಿಗೆ ನಾಯಿಯೇ ಇಲ್ಲ ಎಂಬುದು ಮರೆತುಹೋಗುತ್ತದೆ. ಸಿನಿಮಾದ ಲೆಕ್ಕದಲ್ಲಿ ಹತ್ತು ಸೆಕೆಂಡಿಗೆ 240 ಫ್ರೇಮು, ಪ್ರತಿಯೊಂದರಲ್ಲೂ ಇಷ್ಟೂ ಸರಿಯಿರಬೇಕು. ನಿಮ್ಮಲ್ಲಿ ನಾಲ್ಕೇ ಜನ. ನಿಜವಾದ ನಾಯಿಯೇ ಇರಲಿ, ಮಾತು ಬೇಡ.

ದೆವ್ವಕ್ಕೆ ಮುಖವಾಡವೇ ಸರಿ, ಆದರೆ ಕ್ಯಾಮೆರಾಕ್ಕೆ ಪೂರ್ತಿ ಬಿಟ್ಟುಕೊಡಬೇಡ. ಬೆಳಕು ಹಿಂದಿನಿಂದ ಅಥವಾ ಪಕ್ಕದಿಂದ ಬರಲಿ, ಎದುರಿನಿಂದ ಬೇಡ. ಒಂದು ಶಾಟ್ ಮೂರು ಸೆಕೆಂಡು ಮೀರದಿರಲಿ. ಮುಖವಾಡದ ತೂತಿಗೂ ಕಣ್ಣಿಗೂ ನಡುವೆ ಕಾಣುವ ಚರ್ಮಕ್ಕೆ ಕಪ್ಪು ಮೇಕಪ್ ಬಳಿ. ರಬ್ಬರನ್ನು ಮೊದಲು ಬಿಟ್ಟುಕೊಡುವುದೇ ಆ ಬಿಳಿ ಅಂಚು. ಕುತ್ತಿಗೆಯ ಜೋಡಣೆ ಎತ್ತರದ ಕಾಲರಿನೊಳಗೆ ಅಡಗಲಿ. ಹಿಂಬದಿಯಲ್ಲಿ ನೆತ್ತಿಯಿಂದ ಕತ್ತಿನವರೆಗೆ ಸೀಳಿ ವೆಲ್ಕ್ರೋ ಹೊಲಿ, ಒಂದೇ ಎಳೆತಕ್ಕೆ ಬರಬೇಕು. ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷದವರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಇಡುವ ಚುಟ್ಟಿಯ ಹಾಗೆ ಮುಖಕ್ಕೆ ಅಂಟಿದ್ದರೆ ಈ ಕತೆಗೆ ಕೊನೆಯೇ ಇಲ್ಲ. ಒಳಗೆ ಪೌಡರ್ ಹಾಕು, ತಲೆಗೂದಲ ಮೇಲೆ ಈಜುವವರ ಟೋಪಿ ಇರಲಿ. ಮುಖವಾಡ ಲೇಟೆಕ್ಸ್ ರಬ್ಬರಿನದಾದರೆ ಹಿಂದಿನ ದಿನ ಮಣಿಕಟ್ಟಿಗೆ ಸ್ವಲ್ಪ ತಾಗಿಸಿ, ತುರಿಕೆ ಬರುತ್ತದೋ ನೋಡು. ಪುತ್ತೂರಿನ ಸೆಕೆಯಲ್ಲಿ ಕಾಲು ಗಂಟೆಗೊಮ್ಮೆ ಬಿಚ್ಚಿಸಲೇಬೇಕು. ಮುಖವಾಡ ಕಳಚುವ ಶಾಟನ್ನು ದಿನದ ಮೊದಲಿಗೇ ಮುಗಿಸು, ಸಂಜೆಗೆ ಬಿಟ್ಟರೆ ಒಳಗಿನಿಂದ ಕೆಂಪಗೆ ಬೆಂದ ಮುಖ ಹೊರಬರುತ್ತದೆ. ದೆವ್ವದ ಮಾತನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡು, ರಬ್ಬರಿನೊಳಗಿನಿಂದ ಬಂದ ಧ್ವನಿ ಅರ್ಥವಾಗುವುದಿಲ್ಲ.

ಟ್ಯೂಬ್‌ಲೈಟಿನ ಕೆಳಗೆ ಚಿತ್ರೀಕರಿಸುವುದಾದರೆ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿಗೆ, ಶಟರ್ 1/50ಕ್ಕೆ ಇರಲಿ. ನಮ್ಮೂರಿನ ಕರೆಂಟು 50 ಹರ್ಟ್ಸ್. ಅಮೆರಿಕದವರ ವಿಡಿಯೋ ನೋಡಿ 1/60 ಇಟ್ಟರೆ ಚಿತ್ರ ಮಿನುಗುತ್ತದೆ, ಎಡಿಟಿಂಗಿನಲ್ಲಿ ಅದನ್ನು ತೆಗೆಯುವುದು ದೊಡ್ಡ ತಲೆನೋವು.

ಕತೆಯ ಬಗ್ಗೆ ಸ್ವಲ್ಪವೇ. ಅನುಮಾನಕ್ಕೆ ಕನಿಷ್ಠ ಮೂವರು ಬೇಕು, ಇಬ್ಬರೇ ಇದ್ದರೆ ಒಳ್ಳೆಯವನಂತೆ ಕಾಣುವವನೇ ಕಳ್ಳ ಎಂದು ಪುಟ್ಟಿಯೂ ಹೇಳುತ್ತಾಳೆ. ಕಳ್ಳ ಮೊದಲ ಮೂರನೇ ಒಂದು ಭಾಗದೊಳಗೆ ತೆರೆಯ ಮೇಲೆ ಬಂದು ಏನಾದರೊಂದು ಕೆಲಸ ಮಾಡಿರಬೇಕು. ಪ್ರತಿ ಸುಳಿವೂ ಎರಡು ಸಲ ಕಾಣಲಿ, ಮೊದಲ ಸಲ ಯಾವುದೋ ಬೇರೆ ಗಲಾಟೆಯ ನಡುವೆ. ದೆವ್ವ ಹಿಡಿಯಲು ಇಟ್ಟ ಬೋನು ಮೊದಲ ಸಲಕ್ಕೆ ಕೈಕೊಡಲಿ, ದೆವ್ವ ಆಕಸ್ಮಿಕವಾಗಿ ಸಿಕ್ಕಿಬೀಳಲಿ.

ಚಿತ್ರಕತೆ ಹನ್ನೆರಡು ಪುಟ ದಾಟದಂತೆ ಬರೆದು ಕಳಿಸು, ಪುಟಕ್ಕೊಂದು ನಿಮಿಷದ ಲೆಕ್ಕ. ದೆವ್ವ ಬರುವ ಶಾಟುಗಳಿಗೆ ಪಕ್ಕದಲ್ಲಿ ಗುರುತು ಹಾಕಿರು, ಬೆಳಕು ಎಲ್ಲಿಂದ ಬರಬೇಕೆಂದು ನಾನು ಅಲ್ಲೇ ಬರೆದು ತಿರುಗಿ ಕಳಿಸುತ್ತೇನೆ.

ಇತಿ,
ಅಕ್ಕ, ನಿನ್ನ ತಮ್ಮ
ಸುಹಾಸ, ನಿನ್ನ ಮಾವ