ಡ್ರಾಪ್ಸ್ ಚೀಟಿಯಲ್ಲಿದ್ದರೆ ಸಾಲದು, ಕಣ್ಣಿಗೂ ಬೀಳಬೇಕು

ಮಾನ್ಯ ಸಂಪಾದಕರೇ,

ಗ್ಲಾಕೋಮಾ ಎಂದರೆ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ, ಕಣ್ಣಿನಿಂದ ಮೆದುಳಿಗೆ ನೋಟ ಒಯ್ಯುವ ದೃಷ್ಟಿ ನರ ನಿಧಾನವಾಗಿ ಸಾಯುವ ಕಾಯಿಲೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ವಿಶ್ವ ಗ್ಲಾಕೋಮಾ ಸಪ್ತಾಹ ಬಂದಾಗ ಪತ್ರಿಕೆಗಳಲ್ಲಿ ಒಂದೆರಡು ಲೇಖನಗಳು ಕಾಣಿಸಿಕೊಳ್ಳುತ್ತವೆ. ನಲವತ್ತು ದಾಟಿದವರು ಕಣ್ಣಿನ ಪ್ರೆಷರ್ ನೋಡಿಸಿಕೊಳ್ಳಿ, ಅಪ್ಪ ಅಮ್ಮನಿಗೋ ಒಡಹುಟ್ಟಿದವರಿಗೋ ಇದ್ದರೆ ತಡ ಮಾಡಬೇಡಿ ಎಂದು ಅವು ಹೇಳುತ್ತವೆ. ಸರಿಯಾದ ಮಾತೇ. ಆದರೆ ಕಾಯಿಲೆ ಪತ್ತೆಯಾದರೆ ಅರ್ಧ ಗೆದ್ದಂತೆ ಎಂಬ ಧಾಟಿಯಲ್ಲಿ ಲೇಖನ ಅಲ್ಲಿಗೇ ನಿಂತುಬಿಡುತ್ತದೆ. ನಿಜವಾದ ಕೆಲಸ ಶುರುವಾಗುವುದೇ ಆ ದಿನದಿಂದ. ಬರೆದುಕೊಟ್ಟ ಡ್ರಾಪ್ಸ್ ದಿನವೂ, ಹೇಳಿದ ಹೊತ್ತಿಗೆ, ಕಣ್ಣಿನೊಳಗೇ ಬೀಳುತ್ತಿದೆಯೇ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಕಣ್ಣಿನ ಆರೈಕೆಯ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗಾಗಿ.

ಗ್ಲಾಕೋಮಾದ ಔಷಧವನ್ನು ಜನ ನಡುವೆ ಬಿಡುವುದಕ್ಕೆ ಸೋಮಾರಿತನ ಕಾರಣ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಅನ್ಯಾಯ. ಈ ಕಾಯಿಲೆಯೇ ಮರೆವಿಗೆ ಅನುಕೂಲ ಮಾಡಿಕೊಡುವಂಥದ್ದು. ತಲೆನೋವಿನ ಮಾತ್ರೆ ಬಿಟ್ಟರೆ ತಲೆಯೇ ನೆನಪಿಸುತ್ತದೆ. ಇಲ್ಲಿ ನೋವಿಲ್ಲ, ಕೆಂಪಿಲ್ಲ, ಓದುವುದಕ್ಕೂ ತೊಂದರೆಯಿಲ್ಲ. ದೃಷ್ಟಿ ನರದಲ್ಲಿ ಸುಮಾರು 10ರಿಂದ 12 ಲಕ್ಷ ಎಳೆಗಳಿವೆ. ಅವು ಅಂಚಿನ ನೋಟದ ಕಡೆಯಿಂದ ಒಂದೊಂದಾಗಿ ಸಾಯುತ್ತ ಹೋದರೂ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ, ಉಳಿದ ತೂತನ್ನು ಮೆದುಳು ತುಂಬಿಕೊಳ್ಳುತ್ತದೆ. ಡ್ರಾಪ್ಸ್ ಹಾಕಿದರೆ ನೋಟ ಒಂದಿಷ್ಟೂ ಸುಧಾರಿಸುವುದಿಲ್ಲ, ಮೇಲಾಗಿ ಉರಿಯುತ್ತದೆ. ಬಿಟ್ಟರೆ ಕಣ್ಣು ತಂಪಾಗಿ, ಬೆಳ್ಳಗೆ ಕಾಣುತ್ತದೆ. ಹಾಕಿದವರಿಗೆ ಶಿಕ್ಷೆ, ಬಿಟ್ಟವರಿಗೆ ಬಹುಮಾನ ಎಂಬಂತಿರುವ ಚಿಕಿತ್ಸೆಯನ್ನು ಇಪ್ಪತ್ತು ಮೂವತ್ತು ವರ್ಷ ಪಾಲಿಸಿ ಎಂದು ನಾವು ಕೇಳುತ್ತಿದ್ದೇವೆ. ಜೊತೆಗೆ ಪೊರೆಯ ಗೊಂದಲ ಬೇರೆ. ಪೊರೆ ಬಂದರೆ ಆಪರೇಷನ್ ಮಾಡಿ ಲೆನ್ಸ್ ಹಾಕುತ್ತಾರೆ, ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಯಾವ ಆಪರೇಷನ್ನಿನಿಂದಲೂ ಬರುವುದಿಲ್ಲ. ಔಷಧವಾಗಲಿ, ಲೇಸರ್ ಆಗಲಿ, ಶಸ್ತ್ರಚಿಕಿತ್ಸೆಯಾಗಲಿ ಮಾಡುವುದು ಒಂದೇ ಕೆಲಸ: ಕಣ್ಣಿನ ಒತ್ತಡ ಇಳಿಸಿ, ಉಳಿದಿರುವುದನ್ನು ಉಳಿಸುವುದು.

ಡ್ರಾಪ್ಸ್‌ನಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಕೇಳುವವರಿಗೆ ಎರಡು ಲೆಕ್ಕ ಕೊಡಬಹುದು. ಒತ್ತಡ ಹೆಚ್ಚಿದ್ದರೂ ನರಕ್ಕೆ ಇನ್ನೂ ಹಾನಿಯಾಗಿರದ 1,600ಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಐದು ವರ್ಷಗಳಲ್ಲಿ ಗ್ಲಾಕೋಮಾಕ್ಕೆ ತಿರುಗಿದವರು ಔಷಧವಿಲ್ಲದ ಗುಂಪಿನಲ್ಲಿ ಶೇ 9.5, ಔಷಧ ಹಾಕಿದ ಗುಂಪಿನಲ್ಲಿ ಶೇ 4.4. ಕಾಯಿಲೆ ಆಗಲೇ ಬಂದಿರುವವರನ್ನು ಸ್ವೀಡನ್‌ನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಒತ್ತಡ ಪಾದರಸದ ಒಂದು ಮಿಲಿಮೀಟರಿನಷ್ಟು ಇಳಿದರೂ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ತಗ್ಗುವುದು ಕಂಡುಬಂತು. ಒಂದೇ ಒಂದು ಮಿಲಿಮೀಟರ್!

ಇನ್ನು ಹಾಕಿಕೊಳ್ಳುತ್ತೇವೆ ಎನ್ನುವುದಕ್ಕೂ ಹಾಕಿಕೊಳ್ಳುವುದಕ್ಕೂ ಇರುವ ಅಂತರ. ಪೈಲೋಕಾರ್ಪಿನ್ ಎಂಬ ಹಳೆಯ ಡ್ರಾಪ್ಸ್ ಅನ್ನು ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದ ಕಾಲದಲ್ಲಿ, 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಟಲಿ ತೆರೆದ ಹೊತ್ತನ್ನು ದಾಖಲಿಸುವ ಎಲೆಕ್ಟ್ರಾನಿಕ್ ಸಾಧನ ಅಳವಡಿಸಿದ್ದರು. ರೋಗಿಗಳು ಶೇ 97ರಷ್ಟು ಹನಿ ಹಾಕಿದೆವು ಎಂದರು. ಸಾಧನ ಹೇಳಿದ್ದು ಶೇ 76. ದಿನಕ್ಕೆ ಒಂದೇ ಹನಿಯ ಔಷಧಗಳು ಬಂದ ಮೇಲೆ ಸಮಸ್ಯೆ ತೀರಿತು ಅಂದುಕೊಂಡೆವು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆ ಸಮಾಧಾನವನ್ನೂ ಕೆಡಿಸಿತು. ಔಷಧ ಉಚಿತ, ಸಾಧನ ತಮ್ಮನ್ನು ಗಮನಿಸುತ್ತಿದೆ ಎಂಬುದೂ ರೋಗಿಗಳಿಗೆ ಗೊತ್ತು. ಆದರೂ ಮೂರು ತಿಂಗಳಲ್ಲಿ ಶೇ 45ರಷ್ಟು ಮಂದಿ ಮುಕ್ಕಾಲು ಭಾಗ ಹನಿಗಳನ್ನೂ ಹಾಕಿಕೊಂಡಿರಲಿಲ್ಲ. ಬಹಳ ತಪ್ಪಿಸುವವರು ವೈದ್ಯರ ಭೇಟಿಯ ಹಿಂದುಮುಂದಿನ ದಿನಗಳಲ್ಲಿ ಮಾತ್ರ ಚುರುಕಾಗಿದ್ದರು.

ಈ ಕೊನೆಯ ಸಂಗತಿ ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡುತ್ತದೆ. ಮರುಭೇಟಿಗೆ ಎರಡು ಮೂರು ದಿನ ಮೊದಲು ಡ್ರಾಪ್ಸ್ ಶುರು ಮಾಡಿದವರ ಒತ್ತಡ ಅಳೆದಾಗ ಚೆನ್ನಾಗಿಯೇ ಇರುತ್ತದೆ, ಆದರೆ ಅಂಚಿನ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಮಾತ್ರ ಸಲದಿಂದ ಸಲಕ್ಕೆ ಕೆಡುತ್ತ ಹೋಗುತ್ತದೆ. ಒತ್ತಡ ಹತೋಟಿಯಲ್ಲಿದ್ದರೂ ನರ ಸಾಯುತ್ತಿದೆ ಎಂದು ಓದಿಕೊಂಡ ವೈದ್ಯರು ಆಪರೇಷನ್ ಹೇಳಬಹುದು. ಭೇಟಿಗೆ ಮೊದಲೂ ಹಾಕದೆ ಬಂದವರದು ತಿರುವುಮುರುವು: ಒತ್ತಡ ಹೆಚ್ಚಿದೆ, ಮೊದಲ ಔಷಧ ಸಾಲುತ್ತಿಲ್ಲ ಎಂದು ಎರಡನೆಯದನ್ನು ಸೇರಿಸುತ್ತಾರೆ. ಒಂದನ್ನೇ ಹಾಕದವರ ಕೈಗೆ ಎರಡು ಬಾಟಲಿ. ಇನ್ನು ಕೆಲವರು, ಪಾಪ, ‘ಡಾಕ್ಟರಿಗೆ ನಿಜವಾದ ಪ್ರೆಷರ್ ಗೊತ್ತಾಗಲಿ’ ಎಂದು ತಪಾಸಣೆಯ ದಿನ ಬೇಕೆಂದೇ ಬಿಟ್ಟು ಬರುತ್ತಾರೆ. ವೈದ್ಯರು ನೋಡಬೇಕಾದದ್ದು ಔಷಧದ ಮೇಲಿರುವಾಗಿನ ಒತ್ತಡವನ್ನು. ಬೇರೆ ರೀತಿ ಹೇಳದ ಹೊರತು ಆ ದಿನವೂ ಎಂದಿನಂತೆ ಹಾಕಿಕೊಂಡೇ ಬನ್ನಿ.

ಈಗ ಕೈಕೆಲಸದ ವಿಚಾರ. ದಿನವೂ ತಪ್ಪದೆ ಬಾಟಲಿ ಹಿಡಿಯುವವರಲ್ಲೂ ಹನಿ ಕಣ್ಣಿಗೆ ಬೀಳುತ್ತದೆ ಎಂಬ ಭರವಸೆಯಿಲ್ಲ. ಹಾಕಿಕೊಳ್ಳುವುದನ್ನು ವಿಡಿಯೊ ಮಾಡಿ ನೋಡಿದಾಗ, ತಮಗೇನೂ ತೊಂದರೆಯಿಲ್ಲ ಎಂದವರಲ್ಲೇ ಅನೇಕರ ಹನಿ ಕೆನ್ನೆಗೋ ರೆಪ್ಪೆಗೋ ಬೀಳುತ್ತದೆ, ಇಲ್ಲವೇ ಬಾಟಲಿಯ ಮೂತಿ ಕಣ್ಣಿಗೆ ತಾಗುತ್ತದೆ. ತಾಗಿದ ಮೂತಿಗೆ ರೋಗಾಣು ಅಂಟಿ ಬಾಟಲಿಯೊಳಗೇ ಬೆಳೆಯಬಹುದು.

ಕ್ರಮ ಹೀಗಿರಲಿ. ಕೈ ತೊಳೆದುಕೊಳ್ಳಿ. ಬ್ರಿನ್ಜೋಲಮೈಡ್‌ನಂತೆ ಹಾಲುಬಣ್ಣದ ಔಷಧವಾದರೆ ಚೆನ್ನಾಗಿ ಅಲುಗಿಸಿ. ಇಲ್ಲವಾದರೆ ಮದ್ದು ತಳದಲ್ಲೇ ಕೂತು ನಿಮ್ಮ ಕಣ್ಣಿಗೆ ನೀರು ಬೀಳುತ್ತದೆ. ಮಲಗಿಯೋ, ಕುರ್ಚಿಗೆ ತಲೆ ಆನಿಸಿಯೋ ಚಾವಣಿ ನೋಡಿ. ಒಂದು ಕೈಯ ತೋರುಬೆರಳಿನಿಂದ ಕೆಳರೆಪ್ಪೆಯನ್ನು ಎಳೆದರೆ ಸಣ್ಣ ಜೇಬಿನಂಥ ಜಾಗ ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದದ್ದು ಅಲ್ಲಿ, ಕಪ್ಪುಗುಡ್ಡೆಯ ಮೇಲಲ್ಲ. ಗುಡ್ಡೆಗೆ ಗುರಿಯಿಟ್ಟರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೈ ನಡುಗುವವರು ರೆಪ್ಪೆ ಎಳೆದ ಕೈಯನ್ನು ಮುಷ್ಟಿ ಮಾಡಿ ಕೆನ್ನೆಯ ಮೇಲಿಟ್ಟು, ಬಾಟಲಿ ಹಿಡಿದ ಕೈಯನ್ನು ಅದರ ಗೆಣ್ಣಿನ ಮೇಲೆ ಊರಬಹುದು. ತಲೆ ಅಲ್ಲಾಡಿದರೆ ಎರಡೂ ಕೈ ಜೊತೆಯಲ್ಲೇ ಅಲ್ಲಾಡುತ್ತವೆ, ಗುರಿ ತಪ್ಪುವುದಿಲ್ಲ. ಒಂದು ಹನಿ ಸಾಕು. ಹನಿಯ ಗಾತ್ರ ಸಾಮಾನ್ಯವಾಗಿ 25ರಿಂದ 50 ಮೈಕ್ರೋಲೀಟರ್. ರೆಪ್ಪೆಯ ಜೇಬು ಹಿಡಿಯುವುದು ಕಣ್ಣೀರೂ ಸೇರಿ ಸುಮಾರು 30. ಎರಡನೆಯ ಹನಿ ಇರುವುದೇ ಚೆಲ್ಲಿಹೋಗುವುದಕ್ಕೆ.

ಹಾಕಿದ ಮೇಲೆ ಪಟಪಟನೆ ರೆಪ್ಪೆ ಬಡಿಯುವ ಅಭ್ಯಾಸ ಬಹಳ ಜನಕ್ಕಿದೆ. ಪ್ರತಿ ಬಡಿತವೂ ಪಂಪಿನಂತೆ ಔಷಧವನ್ನು ಕಣ್ಣಿನ ಮೂಲೆಯ ಕಣ್ಣೀರಿನ ನಾಳದ ಮೂಲಕ ಮೂಗಿಗೆ ತಳ್ಳುತ್ತದೆ. ಡೋರ್ಜೋಲಮೈಡ್ ಎಂಬ ಡ್ರಾಪ್ಸ್ ಹಾಕಿದವರಿಗೆ ಬಾಯಿ ಕಹಿಯಾಗುವುದು ಇದರಿಂದಲೇ. ಕಣ್ಣನ್ನು ಮೆಲ್ಲಗೆ ಮುಚ್ಚಿ, ಹಿಂಡಬೇಡಿ. ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಕಣ್ಣಿನಲ್ಲೇ ನಿಲ್ಲುತ್ತದೆ, ರಕ್ತಕ್ಕೆ ಸೇರುವುದೂ ಬಹಳ ಕಡಿಮೆಯಾಗುತ್ತದೆ. ಎರಡು ಔಷಧಗಳಿದ್ದರೆ ನಡುವೆ ಕನಿಷ್ಠ ಐದು ನಿಮಿಷ ಬಿಡಿ. ಬೆನ್ನಿಗೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಇದ್ದರೆ ಅದು ಎಲ್ಲಕ್ಕಿಂತ ಕೊನೆಗೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದು ಹನಿ ಹಾಕಿ, 15 ನಿಮಿಷದ ಮೇಲೆ ಮತ್ತೆ ಹಾಕಿಕೊಳ್ಳಬೇಕು.

ಬಾಟಲಿಯ ಲೆಕ್ಕವನ್ನೂ ಒಮ್ಮೆ ನೋಡಿ. ದಿನಕ್ಕೆ ಒಂದೇ ಸಲ ಹಾಕುವ ಡ್ರಾಪ್ಸ್ ಆದ ಲ್ಯಾಟಾನೋಪ್ರೋಸ್ಟ್‌ನ 2.5 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 80 ಹನಿ. ಎರಡೂ ಕಣ್ಣಿಗೆ ರಾತ್ರಿ ಒಂದೊಂದರಂತೆ 30 ದಿನಕ್ಕೆ 60 ಹನಿ ಬೇಕು. ಕೈ ತಪ್ಪಿ ದಿನಕ್ಕೆ ಎರಡು ಹನಿ ಕೆನ್ನೆಗಿಳಿದರೆ ಬಾಟಲಿ ಇಪ್ಪತ್ತನೆಯ ದಿನಕ್ಕೇ ಖಾಲಿ. ಆಮೇಲೆ ‘ತಿಂಗಳು ಮುಗಿಯಲಿ, ತಂದರಾಯಿತು’ ಎಂದು ಹತ್ತು ದಿನ ಬರಿದೇ ಕಳೆಯುತ್ತದೆ. ಹೀಗೆ ಬೇಗ ಮುಗಿಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ತೊಡಕು ಇರುವುದು ಕೈಯಲ್ಲಿ. ಬದಲಿಗೆ ಎರಡು ತಿಂಗಳಾದರೂ ಬಾಟಲಿ ಮುಗಿದಿಲ್ಲವೆಂದರೆ ಅದು ಮಿತವ್ಯಯವಲ್ಲ, ಹನಿಗಳು ತಪ್ಪಿವೆ ಎಂದರ್ಥ. ತೆರೆದ ದಿನಾಂಕವನ್ನು ಬಾಟಲಿಯ ಮೇಲೇ ಬರೆಯಿರಿ. ಹೆಚ್ಚಿನ ಡ್ರಾಪ್ಸ್ ತೆರೆದ 28 ದಿನದ ಮೇಲೆ ಬಳಸಬಾರದು. ಲ್ಯಾಟಾನೋಪ್ರೋಸ್ಟ್‌ಗೆ ಆರು ವಾರದವರೆಗೆ ಅವಕಾಶವಿದೆ, ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಲೇಬಲ್ಲಿನಲ್ಲಿ ಇರುವುದೇ ಅಂತಿಮ. ಕಂಪನಿ ಬದಲಾದರೆ ಮುಚ್ಚಳದ ಬಣ್ಣವೂ ಬದಲಾಗಬಹುದು, ಹಾಗಾಗಿ ‘ನೀಲಿ ಮುಚ್ಚಳದ್ದು’ ಎಂದು ನೆನಪಿಟ್ಟುಕೊಳ್ಳದೆ ಔಷಧದ ಹೆಸರನ್ನೇ ಕಲಿಯುವುದು ಲೇಸು.

ಒಂದು ಹನಿ ತಪ್ಪಿದರೆ? ನೆನಪಾದ ತಕ್ಷಣ ಹಾಕಿ. ಮುಂದಿನ ಹನಿಯ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಸೇರಿಸಿ ಹಾಕಬೇಡಿ. ಲ್ಯಾಟಾನೋಪ್ರೋಸ್ಟ್ ಜಾತಿಯ ಔಷಧವನ್ನು ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಹಾಕಿದರೆ ಒತ್ತಡ ಇಳಿಸುವ ಗುಣವೇ ಕುಗ್ಗುತ್ತದೆ. ರಾತ್ರಿ ಓದುತ್ತಲೋ ಟಿವಿ ನೋಡುತ್ತಲೋ ನಿದ್ದೆ ಹೋಗುವವರು ಅದನ್ನು ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಬದಲಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಲಿ. ಹೇಳಿದ ಗಂಟೆಗೆ ತಪ್ಪುವುದಕ್ಕಿಂತ ನೆನಪಿರುವ ಗಂಟೆಗೆ ತಪ್ಪದಿರುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

ಅಡ್ಡಪರಿಣಾಮಕ್ಕೆ ಹೆದರಿ ಬಿಡುವವರು ಹೇಳದೆ ಬಿಡುತ್ತಾರೆ, ಅಲ್ಲೇ ತಪ್ಪುವುದು. ಲ್ಯಾಟಾನೋಪ್ರೋಸ್ಟ್‌ನಿಂದ ಕಣ್ಣು ಕೆಂಪಾಗಬಹುದು, ರೆಪ್ಪೆಗೂದಲು ಬೆಳೆಯಬಹುದು, ಕಣ್ಣಿನ ಸುತ್ತ ಚರ್ಮ ಕಪ್ಪಾಗಬಹುದು. ಒಂದೇ ಕಣ್ಣಿಗೆ ಹಾಕುವವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬ್ರಿಮೋನಿಡಿನ್ ತಿಂಗಳುಗಟ್ಟಲೆ ಒಗ್ಗಿ ಆಮೇಲೆ ಅಲರ್ಜಿಯಾಗಿ ತುರಿಸಬಹುದು. ಹಲವರಿಗೆ ಉರಿಯುವುದು ಮದ್ದಲ್ಲ, ಅದರಲ್ಲಿರುವ ಬೆಂಜಾಲ್ಕೋನಿಯಮ್ ಎಂಬ ಸಂರಕ್ಷಕ. ಅದಿಲ್ಲದ ಡ್ರಾಪ್ಸ್ ಕೂಡ ಇವೆ. ಇವೆಲ್ಲಕ್ಕೂ ಬದಲಿ ಔಷಧವಿದೆ, ಆದರೆ ಕೇಳಿದವರಿಗೆ ಮಾತ್ರ. ಟಿಮೋಲಾಲ್ ವಿಷಯ ಬೇರೆ, ಅದು ನಿಜವಾಗಿಯೂ ಎಚ್ಚರಿಕೆ ಬೇಡುವ ಮದ್ದು. ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು, ನಾಡಿ ನಿಧಾನವಿರುವವರಿಗೆ ಇನ್ನೂ ನಿಧಾನವಾಗಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಕಣ್ಣಿನ ಡಾಕ್ಟರಿಗೆ ದಮ್ಮಿನ ವಿಷಯ ಯಾಕೆ, ಎದೆಯ ಡಾಕ್ಟರಿಗೆ ಕಣ್ಣಿನ ಹನಿಯ ವಿಷಯ ಯಾಕೆ ಎಂದು ಇಬ್ಬರಿಗೂ ಹೇಳದವರೇ ಹೆಚ್ಚು. ಕೆಂಪು ಕಣ್ಣಿಗೆಂದು ತಾವೇ ಕೊಂಡು ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಯೂ ಈ ಪಟ್ಟಿಗೆ ಸೇರಬೇಕು: ಅದು ಒತ್ತಡವನ್ನೇ ಏರಿಸುತ್ತದೆ.

ಎಷ್ಟು ಪ್ರಯತ್ನಿಸಿದರೂ ಡ್ರಾಪ್ಸ್ ಸಾಧ್ಯವಾಗದವರಿರುತ್ತಾರೆ. ಕೀಲುವಾತದ ಬೆರಳುಗಳಿಗೆ ಬಾಟಲಿ ಹಿಂಡಲಾಗದು, ಮರೆವು ಹೆಚ್ಚಿದವರಿಗೆ ಅಲಾರಂ ಕೂಡ ಸಾಲದು. ಅವರಿಗೆ ಬುದ್ಧಿ ಹೇಳುತ್ತ ಕೂರುವುದರಲ್ಲಿ ಅರ್ಥವಿಲ್ಲ. ಎರಡು ಮದ್ದು ಒಂದೇ ಬಾಟಲಿಯಲ್ಲಿರುವ ಡ್ರಾಪ್ಸ್ ಇವೆ. ಎಸ್‌ಎಲ್‌ಟಿ ಎಂಬ ಲೇಸರ್ ಕೂಡ ಇದೆ: ಬ್ರಿಟನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಚಿಕಿತ್ಸೆಯಾಗಿ ಈ ಲೇಸರ್ ಪಡೆದವರ ಪೈಕಿ ಶೇ 74ರಷ್ಟು ಜನರಿಗೆ ಮೂರು ವರ್ಷದ ಕೊನೆಯಲ್ಲೂ ಡ್ರಾಪ್ಸ್ ಬೇಕಾಗಿರಲಿಲ್ಲ. ಎಲ್ಲ ಬಗೆಯ ಗ್ಲಾಕೋಮಾಕ್ಕೆ ಇದು ಒಗ್ಗುವುದಿಲ್ಲ, ಪರಿಣಾಮ ಕ್ರಮೇಣ ಕುಗ್ಗಲೂಬಹುದು, ತಪಾಸಣೆಯಂತೂ ತಪ್ಪುವುದಿಲ್ಲ. ಆದರೂ ಡ್ರಾಪ್ಸ್ ಎಲ್ಲ ಸೋತ ಮೇಲಿನ ಮಾತಾಗಿ ಇದನ್ನು ಇಟ್ಟುಕೊಳ್ಳುವ ಬದಲು ಮೊದಲ ದಿನವೇ ರೋಗಿಯ ಮುಂದಿಡಬೇಕು.

ನಮ್ಮ ವೃತ್ತಿಯವರಿಗೂ ಎರಡು ಮಾತು. ಚೀಟಿಯಲ್ಲಿ ‘1 ತಿಂಗಳು’ ಎಂದು ಬರೆದರೆ, ಮರುಭೇಟಿವರೆಗೆ ಎಂಬುದು ನಮ್ಮ ಅರ್ಥ; ಒಂದು ತಿಂಗಳ ಕೋರ್ಸ್, ಮುಗಿದ ಮೇಲೆ ನಿಲ್ಲಿಸುವುದು ಎಂಬುದು ಓದುವವರ ಅರ್ಥ. ‘ನಿಲ್ಲಿಸಬೇಡಿ, ಮುಗಿದರೆ ಇದನ್ನೇ ಮತ್ತೆ ತನ್ನಿ’ ಎಂದು ಬರೆಯಲು ಒಂದು ಸಾಲು ಸಾಕು. ಯಾವ ಕಣ್ಣು, ಎಷ್ಟು ಗಂಟೆಗೆ, ನಡುವೆ ಎಷ್ಟು ಬಿಡುವು ಎಂಬುದೂ ಇರಲಿ. ‘ಸರಿಯಾಗಿ ಹಾಕ್ಕೊತಿದೀರಾ?’ ಎಂದು ಕೇಳಿದರೆ ‘ಹೂಂ’ ಎನ್ನದೆ ಇನ್ನೇನೆಂದಾರು? ‘ಹೋದ ವಾರ ಎಷ್ಟು ರಾತ್ರಿ ತಪ್ಪಿಹೋಯಿತು?’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಕೃತಕ ಕಣ್ಣೀರಿನ ಬಾಟಲಿ ಕೊಟ್ಟು ನಮ್ಮೆದುರೇ ಒಂದು ಹನಿ ಹಾಕಿಕೊಳ್ಳಲು ಹೇಳುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಮಾರ್ಚ್‌ನಲ್ಲಿ ತಪಾಸಣೆಯ ಲೇಖನದ ಜೊತೆಗೆ ಮೂರು ಸಣ್ಣ ಚಿತ್ರಗಳಿಗೂ ಜಾಗ ಕೊಡಿ: ಕೆಳರೆಪ್ಪೆ ಎಳೆದ ಬೆರಳು, ಅದರ ಮೇಲೆ ತಾಗದಂತೆ ಹಿಡಿದ ಬಾಟಲಿ, ಆಮೇಲೆ ಮುಚ್ಚಿದ ಕಣ್ಣಿನ ಮೂಲೆಯನ್ನು ಒತ್ತಿದ ಬೆರಳು. ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಳ್ಳುವಷ್ಟು ದೊಡ್ಡದಾಗಿದ್ದರೆ ಸಾಕು.

ಇತಿ,
ಗ್ಲಾಕೋಮಾ ಚಿಕಿತ್ಸಾ ವಿಭಾಗವೊಂದರ ಸಿಬ್ಬಂದಿ