ಮಳೆ ಲೆಕ್ಕದ ಆ್ಯಪ್ ಕಟ್ಟುವವಳಿಗೆ

ಉಡುಪಿ

ಚಿ. ಅನುಷಾಳಿಗೆ ಆಶೀರ್ವಾದಗಳು.

ಜಿಲ್ಲೆಯ ದಿನದಿನದ ಮಳೆಯನ್ನು ತಾಲ್ಲೂಕು ಆರಿಸಿ ನೋಡುವಂಥ ವೆಬ್ ಆ್ಯಪ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದಿ. ಪೈಥಾನ್ ಬರುತ್ತದಲ್ಲ, ಆ ಕೋಡನ್ನೇ ವೆಬ್ ಆ್ಯಪ್ ಮಾಡಿಕೊಡುವ ಲೈಬ್ರರಿ ಸ್ಟ್ರೀಮ್‌ಲಿಟ್ ಸಾಕು. ಆರ್ ಭಾಷೆ ಗೊತ್ತಿದ್ದವರಿಗೆ 2012ರಿಂದಲೂ ಶೈನಿ ಎಂಬ ಅಂಥದ್ದೇ ಲೈಬ್ರರಿ ಉಂಟು, ಒಳ್ಳೆಯದೇ. ಆದರೆ ಒಂದು ಆ್ಯಪ್‌ಗೋಸ್ಕರ ಹೊಸ ಭಾಷೆಗೆ ಕೈ ಹಾಕಬೇಡ. ಜಾವಾಸ್ಕ್ರಿಪ್ಟ್ ಕೂಡ ಈಗಲೇ ಬೇಡ.

ಮೊದಲು ಮಳೆಯ ಅಂಕಿಗಳ ಸಿಎಸ್‌ವಿ (ಅಲ್ಪವಿರಾಮದಿಂದ ಬೇರೆ ಮಾಡಿದ ಪಟ್ಟಿಯ ಫೈಲ್) ಸರಿ ಮಾಡು. ದಿನಾಂಕ, ತಾಲ್ಲೂಕು, ಮಿಲಿಮೀಟರ್ ಎಂಬ ಮೂರೇ ಕಾಲಂ ಇರಲಿ. ಒಂದೊಂದು ತಾಲ್ಲೂಕಿಗೆ ಒಂದೊಂದು ಕಾಲಂ ಮಾಡಿ ಅಡ್ಡಕ್ಕೆ ಹರಡಿದರೆ ಫಿಲ್ಟರ್ ಮಾಡುವಾಗ ಒದ್ದಾಡುತ್ತಿ. ದಿನಾಂಕದಲ್ಲಿ ಎಲ್ಲರೂ ಬೀಳುವ ಹೊಂಡ ಒಂದುಂಟು. 06/07/2023 ಎಂದರೆ ನಮಗೆ ಜುಲೈ 6; ಪಟ್ಟಿ ಓದುವ ಪೈಥಾನ್ ಲೈಬ್ರರಿ ಪಾಂಡಾಸ್ ತನ್ನಷ್ಟಕ್ಕೆ ಓದಿದರೆ ಜೂನ್ 7. ಎರಡೂ ಮಳೆಗಾಲವೇ, ಗ್ರಾಫ್ ನೋಡಿ ಅನುಮಾನವೇ ಬರುವುದಿಲ್ಲ ಮಾರಾಯ್ತಿ. ಓದಿಸುವಾಗಲೇ ದಿನ, ತಿಂಗಳು, ವರ್ಷ ಎಂದು ಫಾರ್ಮ್ಯಾಟ್ ಹೇಳಿಬಿಡು. ಫೆಬ್ರವರಿಯಲ್ಲಿ 100 ಮಿ.ಮೀ. ಮಳೆ ಕಂಡರೆ ಮೊದಲು ಅಲ್ಲಿಯೇ ಹುಡುಕು.

ಖಾಲಿ ಜಾಗವನ್ನು ಸೊನ್ನೆಯಿಂದ ತುಂಬಿಸಬೇಡ. ಸೊನ್ನೆ ಎಂದರೆ ಮಳೆ ಬರಲಿಲ್ಲ, ಖಾಲಿ ಎಂದರೆ ಅಳೆದಿಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಹಾಗಾಗಿ 6ನೇ ತಾರೀಕಿನ ಅಂಕಿಯಲ್ಲಿ ಹೆಚ್ಚಿನದು 5ರ ಮಳೆ. ಗ್ರಾಫಿನ ಕೆಳಗೆ ಇದನ್ನು ಒಂದು ಸಾಲು ಬರೆದುಬಿಡು, ಇಲ್ಲದಿದ್ದರೆ ನೋಡಿದವರೆಲ್ಲ ತಪ್ಪೆಂದು ಫೋನ್ ಮಾಡುತ್ತಾರೆ.

ತಾಲ್ಲೂಕು ಈಗ ಏಳು, ಹಳೆಯ ದಾಖಲೆಯಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಮೂರೇ. ಘಟ್ಟದ ಬುಡದ ಹೆಬ್ರಿ ಬೇರೆಯಾದ ಮೇಲೆ ಕಾರ್ಕಳದ ಸರಾಸರಿ ಇಳಿದು ಕಂಡರೆ ಅದು ಗಡಿಯ ಕೆಲಸವೂ ಆಗಿರಬಹುದು, ಮೋಡದ ಮೇಲೆ ಹೊರಿಸಬೇಡ. ಹಳೆಯ ಮೂರರ ಲೆಕ್ಕ, ಹೊಸ ಏಳರ ಲೆಕ್ಕ ಎಂದು ಎರಡು ನೋಟ ಇಡು.

ಈಗ ಕೋಡ್. ಪ್ರಾಜೆಕ್ಟಿಗೆಂದೇ ಒಂದು ವರ್ಚುವಲ್ ಎನ್‌ವಿರಾನ್‌ಮೆಂಟ್ (ಲೈಬ್ರರಿಗಳನ್ನು ಬೇರೆಯಾಗಿಡುವ ಜಾಗ) ಮಾಡಿ, ಲೈಬ್ರರಿ ಇಳಿಸುವ ಪಿಪ್‌ನಿಂದ ಸ್ಟ್ರೀಮ್‌ಲಿಟ್, ಪಾಂಡಾಸ್, ಗ್ರಾಫ್ ಬಿಡಿಸುವ ಪ್ಲಾಟ್ಲಿ ಹಾಕು. ನಿನ್ನ ಫೈಲಿಗೆ ಸ್ಟ್ರೀಮ್‌ಲಿಟ್ ಎಂದೇ ಹೆಸರಿಟ್ಟರೆ ಪೈಥಾನ್ ಲೈಬ್ರರಿಯ ಬದಲು ಅದನ್ನೇ ಇಂಪೋರ್ಟ್ ಮಾಡಿ ಕೂರುತ್ತದೆ, ಬೇರೆ ಹೆಸರಿಡು. ಓಡಿಸುವುದು 'ಸ್ಟ್ರೀಮ್‌ಲಿಟ್ ರನ್' ಎಂಬ ಕಮಾಂಡಿನಿಂದ, ಬರೀ ಪೈಥಾನ್‌ನಿಂದ ಅಲ್ಲ. ಬ್ರೌಸರ್‌ನಲ್ಲಿ 8501ನೇ ಪೋರ್ಟಿನಲ್ಲಿ ತೆರೆಯುತ್ತದೆ.

ಇನ್ನು ಹೇಳುವುದನ್ನು ಗಟ್ಟಿಯಾಗಿ ಹಿಡಿದುಕೊ, ಉಳಿದದ್ದೆಲ್ಲ ಡಾಕ್ಯುಮೆಂಟೇಶನ್ ನೋಡಿ ಮಾಡಬಹುದು. ನೋಡುವವರು ಒಂದು ಸ್ಲೈಡರ್ ಮುಟ್ಟಿದರೂ ಸ್ಟ್ರೀಮ್‌ಲಿಟ್ ನಿನ್ನ ಇಡೀ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಗೆ ಪುನಃ ಓಡಿಸುತ್ತದೆ. ಹೊಸಬರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಇದರಿಂದಲೇ. ಆ್ಯಪ್ ನಿಧಾನ ಯಾಕೆಂದರೆ ಪ್ರತಿ ಸಲ ಸಿಎಸ್‌ವಿ ಹೊಸದಾಗಿ ಓದುತ್ತಾ ಉಂಟು. ಓದುವ ಫಂಕ್ಷನ್ನಿನ ತಲೆಯ ಮೇಲೆ ಒಮ್ಮೆ ಓದಿದ್ದನ್ನು ನೆನಪಿಡುವ ಕ್ಯಾಶ್ ಡೇಟಾ ಡೆಕೊರೇಟರ್ ಹಾಕು. ಎಣಿಸಿಟ್ಟ ಅಂಕಿ ಮಾಯವಾಗುವುದೂ ಇದೇ ಕಾರಣಕ್ಕೆ, ಅದನ್ನು ಓಟದಿಂದ ಓಟಕ್ಕೆ ಉಳಿಯುವ ಸೆಷನ್ ಸ್ಟೇಟ್‌ನಲ್ಲಿ ಇಡು. ಬಟನ್ ಒತ್ತಿದಾಗ ನಿಜ ಎನ್ನುವುದು ಆ ಒಂದು ಓಟಕ್ಕೆ ಮಾತ್ರ. 'ಬಟನ್ ಒತ್ತಿದ್ದರೆ' ಎಂಬ ಕೋಡಿನೊಳಗೆ ಸ್ಲೈಡರ್ ಇಟ್ಟರೆ, ಸ್ಲೈಡರ್ ಮುಟ್ಟಿದ ಕ್ಷಣ ಬಟನ್ ಸುಳ್ಳಾಗಿ ಸ್ಲೈಡರೂ ಗ್ರಾಫೂ ಒಟ್ಟಿಗೆ ಹೋಗುತ್ತವೆ. ನಾಲ್ಕೈದು ಆಯ್ಕೆ ಮಾಡಿ ಕೊನೆಗೊಮ್ಮೆ ಓಡಿಸಬೇಕಾದರೆ ಫಾರ್ಮ್ ಬಳಸು.

ದಿನಾಂಕದ ವ್ಯಾಪ್ತಿ ಆರಿಸುವಲ್ಲಿ ಇನ್ನೊಂದು ಸೂಕ್ಷ್ಮ. ಮೊದಲ ದಿನಾಂಕ ಒತ್ತಿ ಎರಡನೆಯದು ಇನ್ನೂ ಒತ್ತದೆ ಇರುವಾಗಲೇ ಸ್ಕ್ರಿಪ್ಟ್ ಓಡುತ್ತದೆ, ಕೈಗೆ ಸಿಗುವುದು ಒಂದೇ ದಿನಾಂಕ, ಆ್ಯಪ್ ಕೆಂಪಾಗಿ ನಿಲ್ಲುತ್ತದೆ. ಎರಡೂ ಬಂದಿವೆಯೇ ಎಂದು ನೋಡಿಕೊಂಡು ಮುಂದೆ ಹೋಗು.

ಗ್ರಾಫ್ ಬಿಡಿಸುವ ಇನ್ನೊಂದು ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕನ್ನಡ ಬರೆದರೆ ಒತ್ತಕ್ಷರ ಒಡೆದು ಬೀಳುವುದುಂಟು. ಪ್ಲಾಟ್ಲಿಯ ಅಕ್ಷರಗಳನ್ನು ಬಿಡಿಸುವುದು ಬ್ರೌಸರ್, ಅಲ್ಲಿ 'ಬ್ರಹ್ಮಾವರ' ಸರಿಯಾಗಿಯೇ ಕಾಣುತ್ತದೆ. ಗ್ರಾಫಿನಲ್ಲಿ 64.5, 115.6, 204.5 ಮಿ.ಮೀ.ಗೆ ಅಡ್ಡಗೆರೆ ಎಳೆ. ಇಲಾಖೆ ಭಾರಿ, ಅತಿ ಭಾರಿ, ಅತ್ಯಂತ ಭಾರಿ ಎಂದು ಹೇಳುವುದು ಆ ಅಂಕಿಗಳಿಂದ. ಮೊದಲ ಆವೃತ್ತಿಗೆ ಒಂದು ತಾಲ್ಲೂಕಿನ ಪಟ್ಟಿ, ಒಂದು ದಿನಾಂಕದ ವ್ಯಾಪ್ತಿ, ಒಂದು ಗ್ರಾಫ್. ಮ್ಯಾಪಿನ ಆಸೆ ಈಗ ಬಿಡು.

ಹೊರಗೆ ಹಾಕಲಿಕ್ಕೆ ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಇಡುವ ತಾಣಕ್ಕೆ ಏರಿಸಿ ಸ್ಟ್ರೀಮ್‌ಲಿಟ್‌ನ ಉಚಿತ ಕಮ್ಯುನಿಟಿ ಕ್ಲೌಡ್‌ಗೆ ಜೋಡಿಸಿದರಾಯ್ತು. ಬೇಕಾದ ಲೈಬ್ರರಿಗಳ ಪಟ್ಟಿಯ ಫೈಲ್ ಜೊತೆಗಿರಲಿ, ಆವೃತ್ತಿ ಸಂಖ್ಯೆ ಸಮೇತ. ನಿನ್ನ ಲ್ಯಾಪ್‌ಟಾಪಿನ ಸಿ ಡ್ರೈವಿನ ದಾರಿ ಕೋಡಿನಲ್ಲಿ ಉಳಿದರೆ ಅಲ್ಲಿ ಫೈಲ್ ಸಿಗುವುದಿಲ್ಲ. ಇಂಗ್ಲಿಷ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ವಿಂಡೋಸ್‌ಗೆ ಒಂದೇ, ಆ ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಕೆಲವು ಕಾಲ ಯಾರೂ ನೋಡದಿದ್ದರೆ ಆ್ಯಪ್ ಮಲಗುತ್ತದೆ, ಕೆಟ್ಟಿತೆಂದು ಹೆದರಬೇಡ, ಎಬ್ಬಿಸುವ ಬಟನ್ ಅಲ್ಲೇ ಉಂಟು.

ಲಿಂಕ್ ಕಳಿಸುವಾಗ ಸಿಎಸ್‌ವಿಯನ್ನೂ ಕಳಿಸು, ಜುಲೈ ತಿಂಗಳ ಮೊತ್ತ ಎಕ್ಸೆಲ್‌ನಲ್ಲಿ ಕೂಡಿಸಿ ತಾಳೆ ನೋಡುತ್ತೇನೆ.

ಇಂತಿ,
ದೊಡ್ಡಪ್ಪ