ಹಾಡುಗಾರನಿಗೆ ಬಾಯಿ ಮುಚ್ಚು ಅನ್ನಬೇಡಿ

ಮಾನ್ಯರೇ,

ಚೆನ್ನೈ ಹತ್ತಿರದ ಎಣ್ಣೂರು ಅಳಿವೆಯ ಬಗ್ಗೆ ಕರ್ನಾಟಕ ಸಂಗೀತದ ಗಾಯಕ ಟಿ.ಎಂ. ಕೃಷ್ಣ ಹಾಡಿದ್ದಕ್ಕೆ ನಮ್ಮ ಕಡೆಯ ಸಂಗೀತಪ್ರಿಯರಲ್ಲೂ ಕೆಲವರು ಮೂಗು ಮುರಿಯುತ್ತಾರೆ. ಕಛೇರಿಯ ರಾಗಕ್ಕೆ ಚೆನ್ನೈ ಬೀದಿಯ ತಮಿಳು ಯಾಕೆ ಅನ್ನುತ್ತಾರೆ. 2017ರಲ್ಲಿ ಬಂದ ಆ ವಿಡಿಯೊ ಒಮ್ಮೆ ಪೂರ್ತಿ ನೋಡಿ. ಹಿಂದೆ ವಿದ್ಯುತ್ ಸ್ಥಾವರದ ಚಿಮಣಿ, ಸುತ್ತ ಹಾರುಬೂದಿಯಿಂದ ಹಾಳಾದ ಜಾಗ. ಅಲ್ಲೇ ಪಕ್ಕವಾದ್ಯದವರ ಜೊತೆ ಕೂತು ಹಾಡುತ್ತಾರೆ. ಆ ನೀರನ್ನೇ ನಂಬಿದ ಮೀನುಗಾರರ ಸಂಕಟವನ್ನು ಅವರ ಮಾತಲ್ಲೇ ಹಾಡದೆ ಇನ್ಯಾವ ಮಾತಲ್ಲಿ ಹಾಡಬೇಕು?

ನಾವು ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಗೆ ಊರು, ಗದ್ದೆ, ತೋಟ ಬಿಟ್ಟುಕೊಟ್ಟವರು. ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳು 60 ವರ್ಷವಾದರೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಕರೆಂಟಿನ ನಿಜವಾದ ಬೆಲೆ ನಮಗಿಂತ ಜಾಸ್ತಿ ಯಾರಿಗೆ ಗೊತ್ತು, ಅಲ್ವಾ? 1951ರಲ್ಲಿ ಗೇಣಿ ರೈತರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿದು. ಕೃಷ್ಣ ಅವರನ್ನು ಇಲ್ಲಿಗೂ ಕರೆಸಿ, ಶರಾವತಿ ದಡದಲ್ಲೇ ಹಾಡಿಸಬೇಕು.

– ಓದುಗ, ಸಾಗರ